ಹೊತ್ತ ತಾಯಿಗೊಂದು ಹೆಸರು

ಬಾಡಿಗೆ ಮನೆ, ಬಾಡಿಗೆ ರಿಕ್ಷಾ, ಬಾಡಿಗೆ ಸೈಕಲ್ಲು. ಈ ಸಾಲಿಗೆ ನಮ್ಮ ಪತ್ರಿಕೆಗಳು ಇನ್ನೊಂದನ್ನು ಸೇರಿಸಿ ಬಹಳ ಕಾಲವಾಯಿತು: ಬಾಡಿಗೆ ತಾಯಿ. ಇನ್ನೊಬ್ಬ ದಂಪತಿಯ ಮಗುವನ್ನು ತನ್ನ ಗರ್ಭದಲ್ಲಿ ಹೊತ್ತು, ಹೆತ್ತು, ಅವರ ಕೈಗೆ ಒಪ್ಪಿಸುವ ಹೆಣ್ಣಿಗೆ ನಾವಿಟ್ಟ ಹೆಸರು ಇದು. ಭಾರತದಲ್ಲಿ ಇದಕ್ಕೆಂದೇ ಮಾಡಿದ ಕಾನೂನು 2021ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ 2022ರ ಜನವರಿ 25ರಂದು ಜಾರಿಗೆ ಬಂತು. ಹಣಕ್ಕಾಗಿ ಗರ್ಭ ಹೊರಿಸುವ ವ್ಯವಹಾರ ನಡೆಸುವವರಿಗೆ ಹತ್ತು ವರ್ಷಗಳವರೆಗೆ ಸಜೆ, ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಅದು ಹೇಳುತ್ತದೆ. ಅಂದರೆ ಬಾಡಿಗೆ ನಿಂತುಹೋಯಿತು, ಬಾಡಿಗೆಯ ಹೆಸರು ಮಾತ್ರ ಉಳಿಯಿತು. ಬಿಡಿಗಾಸು ಪಡೆಯದೆ ತಂಗಿಯ ಮಗುವನ್ನು ಹೊರುವ ಅಕ್ಕನನ್ನೂ ನಾವು ಬಾಡಿಗೆ ತಾಯಿ ಎಂದೇ ಕರೆಯುತ್ತೇವೆ. ಬೇರೆ ಹೆಸರನ್ನು ನಾವು ಹುಡುಕಲಿಲ್ಲ. ಹುಡುಕದೆ ಇದ್ದದ್ದು ಬರಿಯ ಭಾಷೆಯ ಸೋಮಾರಿತನವಲ್ಲ ಎಂಬುದು ಈ ಲೇಖನದ ವಾದ.

ಮೊದಲು, ಇದು ಯಾರ ಸಮಸ್ಯೆ ಎಂಬುದನ್ನು ನೋಡೋಣ. ಉಡುಪಿ, ಕಾಪು, ಕಾರ್ಕಳದ ಕಡೆಯ ದಂಪತಿಗಳಿಗೆ ಮಕ್ಕಳಾಗದಿದ್ದರೆ ಹರಕೆ, ಹಳ್ಳಿಮದ್ದು, ದರ್ಗಾ, ದೈವ ಎಲ್ಲ ಮುಗಿದ ಮೇಲೆ ಕೊನೆಗೆ ತಲುಪುವುದು ಸಾಮಾನ್ಯವಾಗಿ ಮಣಿಪಾಲಕ್ಕೆ. 1953ರಲ್ಲಿ ಆರಂಭವಾದ ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪ್ರನಾಳ ಶಿಶುವಿನ ಚಿಕಿತ್ಸೆಯೂ ಇದೆ, ಭ್ರೂಣವಿಜ್ಞಾನವನ್ನು ಕಲಿಸುವ ವಿಭಾಗವೂ ಇದೆ. ಗಂಡ ಗಲ್ಫಿನಲ್ಲಿದ್ದು ವರ್ಷಕ್ಕೋ ಎರಡು ವರ್ಷಕ್ಕೋ ಒಂದು ತಿಂಗಳ ರಜೆಯಲ್ಲಿ ಬರುವ ಮನೆಗಳಲ್ಲಿ ತಪಾಸಣೆಯೇ ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರಲ್ಲಿ 'ವಿಶೇಷ ಉಂಟಾ?' ಎಂದು ಕೇಳುವ ಬಾಯಿಗಳಿಗೆ ಹೆದರಿ ಆ ಹೆಂಗಸು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿರುತ್ತಾಳೆ.

ಇವರಲ್ಲಿ ಹೆಚ್ಚಿನವರಿಗೆ ಮಾತ್ರೆ, ಸಣ್ಣ ಶಸ್ತ್ರಕ್ರಿಯೆ ಅಥವಾ ಪ್ರನಾಳ ಶಿಶು ಚಿಕಿತ್ಸೆ ಸಾಕು. ಕೆಲವರಿಗೆ ಅದೂ ಆಗದು. ಸುಮಾರು ಐದು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳು ಗರ್ಭಕೋಶವಿಲ್ಲದೆಯೇ ಅಥವಾ ಅದು ಬೆಳೆಯದೆಯೇ ಹುಟ್ಟುತ್ತಾಳೆ. ಕ್ಯಾನ್ಸರಿಗೋ ಹೆರಿಗೆಯ ರಕ್ತಸ್ರಾವಕ್ಕೋ ಗರ್ಭಕೋಶ ತೆಗೆಸಿಕೊಂಡವರಿದ್ದಾರೆ. ಕ್ಷಯ ತಗಲಿ ಅದರ ಒಳಗೋಡೆಗಳು ಅಂಟಿಕೊಂಡವರಿದ್ದಾರೆ. ಹೃದಯದ ಕಾಯಿಲೆಯಿಂದಾಗಿ ಬಸುರಾದರೆ ಜೀವಕ್ಕೇ ಅಪಾಯ ಎನ್ನಿಸಿಕೊಂಡವರಿದ್ದಾರೆ. ಇವರಲ್ಲಿ ಅನೇಕರ ಅಂಡಾಶಯ ಸರಿಯಾಗಿರುತ್ತದೆ. ಹತ್ತು ಹನ್ನೆರಡು ದಿನ ಚುಚ್ಚುಮದ್ದು ಕೊಟ್ಟು ಅಂಡಗಳನ್ನು ಬೆಳೆಸಿ, ಹೊರತೆಗೆದು, ಗಂಡನ ವೀರ್ಯದೊಡನೆ ಪ್ರಯೋಗಾಲಯದಲ್ಲಿ ಕೂಡಿಸುತ್ತಾರೆ. ಮೂರರಿಂದ ಐದು ದಿನದ ಭ್ರೂಣವನ್ನು ಇನ್ನೊಬ್ಬಳ ಗರ್ಭದಲ್ಲಿ ಇಡುತ್ತಾರೆ. ಅದು ನಿಂತರೆ ಮುಂದಿನದೆಲ್ಲ ಆ ಇನ್ನೊಬ್ಬಳ ಮೈಯ ಕೆಲಸ. ಹೊರುವುದು, ಹೆರುವುದು, ಸಾಕುವುದು ಎಂಬ ಮೂರು ಕೆಲಸಗಳನ್ನು ನಮ್ಮ ಭಾಷೆ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಈಗ ಮೊದಲ ಎರಡು ಒಬ್ಬಳಿಗೆ, ಮೂರನೆಯದು ಇನ್ನೊಬ್ಬಳಿಗೆ.

ಇದು ಪೂರ್ತಿ ಹೊಸದೇ? ಯಂತ್ರ ಹೊಸದು, ಸಂಕಟ ಹಳೆಯದು. ಉಡುಪಿಯಿಂದ ಉತ್ತರಕ್ಕೆ ಕೋಟದ ಬಳಿಯ ಕೋಡಿಯಲ್ಲಿ ನಡೆಯುವ ಕಾದಂಬರಿಯೊಂದು ನಮ್ಮ ಮುಂದಿದೆ: ಶಿವರಾಮ ಕಾರಂತರ 'ಮರಳಿ ಮಣ್ಣಿಗೆ', 1941ರದ್ದು. ರಾಮ ಐತಾಳರ ಹೆಂಡತಿ ಪಾರೋತಿಗೆ ಮಕ್ಕಳಾಗುವುದಿಲ್ಲ. ಐತಾಳರು ಸತ್ಯಭಾಮೆಯನ್ನು ಎರಡನೆಯವಳಾಗಿ ತರುತ್ತಾರೆ. ಆಕೆ ಮಕ್ಕಳನ್ನು ಹೆರುತ್ತಾಳೆ. ಆ ಮಕ್ಕಳ ಮನೆಯನ್ನು ನಿಲ್ಲಿಸಲು ಉಪ್ಪುನೀರಿನ ಗದ್ದೆಯಲ್ಲಿ ಬೆನ್ನು ಬಾಗಿಸುವವರು ಪಾರೋತಿ ಮತ್ತು ಐತಾಳರ ವಿಧವೆ ತಂಗಿ ಸರಸೋತಿ. ಈ ಕಾದಂಬರಿಯನ್ನು ನಾವು ಮಣ್ಣಿನ, ಕಡಲಿನ, ಮೂರು ತಲೆಮಾರಿನ ಕತೆಯಾಗಿ ಓದುತ್ತ ಬಂದಿದ್ದೇವೆ. ಮಕ್ಕಳಿಲ್ಲದ ಮನೆ ತಾಯ್ತನವನ್ನು ಹೇಗೆ ಹಂಚಿಕೊಳ್ಳುತ್ತದೆ ಎಂಬ ಕತೆಯಾಗಿಯೂ ಅದನ್ನು ಓದಬಹುದು. ಆ ಹಂಚಿಕೆಯಲ್ಲಿ ನ್ಯಾಯವಿತ್ತು ಎನ್ನಲಾರೆ. ಮಕ್ಕಳಿಗಾಗಿ ಇನ್ನೊಬ್ಬಳನ್ನು ತಂದಾಗ ಪಾರೋತಿಗೆ ಆದ ನೋವು ನೋವೇ. ಆದರೆ ಒಂದನ್ನು ಗಮನಿಸಬೇಕು. ಹೆತ್ತವಳೂ ಆ ಮನೆಯಲ್ಲಿಯೇ ಇದ್ದಳು. ಅವಳಿಗೆ ಹೆಸರಿತ್ತು, ಒಲೆಯ ಮುಂದೆ ಜಾಗವಿತ್ತು. ಮಗು ಬೆಳೆದು ದಾರಿ ತಪ್ಪಿದಾಗ ಅಳುವ ಹಕ್ಕೂ ಇತ್ತು.

ಇದರ ಇನ್ನೊಂದು ಮಗ್ಗುಲು ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ದಲ್ಲಿದೆ. 1965ರ ಈ ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಯರು ತಮ್ಮ ಬಾಳನ್ನೆಲ್ಲ ವಂಶದ ಮರ್ಯಾದೆಗೆ ಮುಡಿಪಾಗಿಡುತ್ತಾರೆ. ಕೊನೆಗೆ ತಾವು ಆ ವಂಶದ ಬೀಜವೇ ಅಲ್ಲ, ಆಸ್ತಿ ದಾಯಾದಿಗೆ ಹೋಗಬಾರದೆಂದು ಬೇರೊಬ್ಬನಿಂದ ಪಡೆದ ಮಗು ಎಂದು ತಿಳಿಯುತ್ತದೆ. ಇಲ್ಲಿ ಗರ್ಭ ಮನೆಯದೇ, ಬೀಜ ಹೊರಗಿನದು. ಹೊರಗಿನವನ ಹೆಸರು ಅಳಿಸಿಹೋಗಿರುತ್ತದೆ. ಆ ಅಳಿಸುವಿಕೆ ಒಂದು ತಲೆಮಾರು ದಾಟಿ ಬಂದು ಮಗನ ಎದೆಗೇ ಗುದ್ದುತ್ತದೆ. ಭೈರಪ್ಪನವರ ಬೇರೆ ನಿಲುವುಗಳನ್ನು ಒಪ್ಪದವರೂ ಈ ಒಂದು ಮಾತನ್ನು ಒಪ್ಪಬೇಕಾಗುತ್ತದೆ: ಮಗುವಿನ ಹುಟ್ಟಿನಲ್ಲಿ ಪಾಲಿರುವವರ ಹೆಸರನ್ನು ಅಳಿಸಿದರೆ ಲೆಕ್ಕ ಮುಗಿಯುವುದಿಲ್ಲ, ಮುಂದಿನವರ ತಲೆಗೆ ಬಾಕಿ ಬೀಳುತ್ತದೆ.

ತುಳುನಾಡಿನ ಲೆಕ್ಕವೇ ಬೇರೆಯಾಗಿತ್ತು. ಭೂತಾಳ ಪಾಂಡ್ಯನ ಐತಿಹ್ಯವನ್ನು ಇಲ್ಲಿಯ ಹಿರಿಯರು ಈಗಲೂ ಹೇಳುತ್ತಾರೆ. ಕುಂಡೋದರನೆಂಬ ಭೂತ ಬಲಿ ಕೇಳಿದಾಗ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಲ್ಲೆ ಎಂದಳು, ತಂಗಿ ತನ್ನ ಮಗನನ್ನು ಕೊಟ್ಟಳು, ಭೂತ ಮೆಚ್ಚಿ ಅವನನ್ನು ಉಳಿಸಿತು, ಅಂದಿನಿಂದ ಸೊತ್ತು ಅಳಿಯನಿಗೆ ಎಂದಾಯಿತು. ಕತೆ ಹೇಗೇ ಇರಲಿ, ಅಳಿಯಸಂತಾನದ ವಂಶ ಹರಿದದ್ದು ಹೆಣ್ಣಿನ ಗರ್ಭದಿಂದ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿಯೂ ಪಾಲಿನ ಲೆಕ್ಕ ನಡೆಯುವುದು 'ಕವರು' ಎಂಬ ತಾಯಿಕವಲಿನ ಮೇಲೆ. ಕರಾವಳಿಯ ಕೆಲವು ಮುಸ್ಲಿಂ ತರವಾಡುಗಳಲ್ಲಿಯೂ ತಾಯಿಯ ಕಡೆಯಿಂದ ಮನೆ ನಡೆಯುವ ಪದ್ಧತಿಯಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಅಳಿಯಸಂತಾನದ ಬಲ ಕುಗ್ಗಿತು. ಹೆತ್ತ ಹೊಟ್ಟೆಯೇ ದಾಖಲೆಯಾಗಿದ್ದ ಈ ನೆಲದಲ್ಲಿ ಇಂದು ಕಾನೂನು ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು: ಹೆತ್ತ ಹೊಟ್ಟೆಗೆ ಮಗುವಿನ ಮೇಲೆ ಯಾವ ಲೆಕ್ಕವೂ ಇಲ್ಲ.

ಇಂಥ ಕಾನೂನು ಯಾಕೆ ಬೇಕಾಯಿತು ಎಂಬುದಕ್ಕೆ ಗುಜರಾತಿನ ಆಣಂದಿಗೆ ಹೋಗಬೇಕು. 2004ರಲ್ಲಿ ಅಲ್ಲಿ ಒಬ್ಬ ತಾಯಿ, ಬ್ರಿಟನ್ನಿನಲ್ಲಿದ್ದ ತನ್ನ ಮಗಳಿಗಾಗಿ ಅವಳಿ ಮಕ್ಕಳನ್ನು ಹೊತ್ತು ಹೆತ್ತಳು. ಅದು ಮನೆಯೊಳಗಿನ ಪ್ರೀತಿಯ ಕೆಲಸ. ಆ ಸುದ್ದಿ ಹಬ್ಬಿ ಕೆಲವೇ ವರ್ಷಗಳಲ್ಲಿ ಆಣಂದ್ ಹೊರದೇಶದ ದಂಪತಿಗಳ ಯಾತ್ರಾಸ್ಥಳವಾಯಿತು. ಬಡ ಹೆಂಗಸರು ಮನೆ ಕಟ್ಟಲು, ಸಾಲ ತೀರಿಸಲು, ಮಕ್ಕಳ ಶಾಲೆಗೆಂದು ಒಂಬತ್ತು ತಿಂಗಳು ಹಾಸ್ಟೆಲಿನಂಥ ಕೋಣೆಗಳಲ್ಲಿ ಇದ್ದು ಹೆತ್ತು ಹೋದರು. 2008ರ ಜುಲೈಯಲ್ಲಿ ಜಪಾನಿನ ದಂಪತಿಗಾಗಿ ಅಲ್ಲೊಂದು ಹೆಣ್ಣುಮಗು ಹುಟ್ಟಿತು. ಹುಟ್ಟುವುದಕ್ಕೆ ಮೊದಲೇ ದಂಪತಿ ವಿಚ್ಛೇದನ ಪಡೆದಿದ್ದರು. ಅಂಡ ಕೊಟ್ಟವಳು ಅನಾಮಿಕಳು, ಹೊತ್ತವಳ ಒಪ್ಪಂದ ಮುಗಿದಿತ್ತು, ಬಯಸಿದವಳು ಈಗ ಬೇಡ ಎಂದಳು. ಮೂವರು ತಾಯಂದಿರಿದ್ದೂ ತಾಯಿ ಇಲ್ಲದ ಮಗು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ತಾಯಿಯ ಹೆಸರಿಲ್ಲದ ಗುರುತುಪತ್ರ ಹಿಡಿದು ಆ ಮಗು ಅಜ್ಜಿಯ ತೋಳಿನಲ್ಲಿ ಜಪಾನಿಗೆ ಹೋಯಿತು. 2009ರಲ್ಲಿ ಕಾನೂನು ಆಯೋಗ ತನ್ನ 228ನೇ ವರದಿಯಲ್ಲಿ ಕಾನೂನು ಬೇಕೆಂದಿತು. 2015ರ ನವೆಂಬರಿನಲ್ಲಿ ವಿದೇಶೀಯರಿಗೆ ಬಾಗಿಲು ಮುಚ್ಚಿತು.

2021ರ ಕಾನೂನನ್ನು ಕಾರ್ಕಳದ ಒಬ್ಬ ದಂಪತಿಯ ಕಣ್ಣಿನಿಂದ ನೋಡೋಣ. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷದೊಳಗೆ ಇರಬೇಕು. ಆರೋಗ್ಯವಂತ ಮಗುವೊಂದು ಮೊದಲೇ ಇದ್ದರೆ, ಅದು ದತ್ತುಮಗುವಾಗಿದ್ದರೂ, ಅವಕಾಶವಿಲ್ಲ. ಜಿಲ್ಲಾ ವೈದ್ಯಕೀಯ ಮಂಡಳಿ ಕಾರಣವನ್ನು ಪ್ರಮಾಣೀಕರಿಸಬೇಕು. ಮ್ಯಾಜಿಸ್ಟ್ರೇಟರ ನ್ಯಾಯಾಲಯ ಹುಟ್ಟಲಿರುವ ಮಗುವಿನ ತಂದೆತಾಯಿ ಯಾರೆಂದು ಮುಂಚಿತವಾಗಿಯೇ ಆದೇಶ ಕೊಡಬೇಕು. ಆ ಆದೇಶವೇ ಮುಂದೆ ಜನನದ ದಾಖಲೆ. ಹೊರುವವಳು 25ರಿಂದ 35 ವರ್ಷದೊಳಗಿನ, ಮದುವೆಯಾದ, ಸ್ವಂತ ಮಗುವಿರುವ ಹೆಂಗಸಾಗಿರಬೇಕು. ಬಾಳಿನಲ್ಲಿ ಒಂದೇ ಸಲ. ತನ್ನ ಅಂಡವನ್ನು ಕೊಡುವಂತಿಲ್ಲ. ಭ್ರೂಣವನ್ನು ಗರ್ಭದಲ್ಲಿ ಇಡುವ ಮೊದಲು ಒಪ್ಪಿಗೆ ಹಿಂದೆಗೆದುಕೊಳ್ಳಬಹುದು. ಅವಳ ಹೆಸರಿನಲ್ಲಿ 36 ತಿಂಗಳ ವಿಮೆ ಮಾಡಿಸಬೇಕು. ವಿಧವೆ ಅಥವಾ ವಿಚ್ಛೇದಿತೆ 35ರಿಂದ 45ರೊಳಗಿದ್ದರೆ ತನಗೊಂದು ಮಗುವನ್ನು ಹೀಗೆ ಪಡೆಯಬಹುದು. ಅವಿವಾಹಿತೆಗೆ ಇಲ್ಲ. 2024ರ ಫೆಬ್ರವರಿಯ ತಿದ್ದುಪಡಿಯ ನಂತರ, ವೈದ್ಯಕೀಯ ಕಾರಣವಿದ್ದರೆ ಅಂಡ ಅಥವಾ ವೀರ್ಯದಲ್ಲಿ ಒಂದನ್ನು ದಾನಿಯಿಂದ ಪಡೆಯಬಹುದು, ಇನ್ನೊಂದು ದಂಪತಿಯದೇ ಆಗಿರಬೇಕು. ಕಾನೂನು ಬರುವ ಮೊದಲೇ ಭ್ರೂಣವನ್ನು ಶೀತಲೀಕರಿಸಿ ಇಟ್ಟಿದ್ದ ದಂಪತಿಗಳಿಗೆ ವಯಸ್ಸಿನ ಮಿತಿ ಅನ್ವಯಿಸದು ಎಂದು 2025ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಹೇಳಿತು.

ಇವುಗಳಲ್ಲಿ ಒಳ್ಳೆಯದು ಬಹಳವಿದೆ. ಆಣಂದಿನ ಕೋಣೆಗಳನ್ನು ನೋಡಿದ ಮೇಲೆ ಕಡಿವಾಣ ಬೇಡವೆನ್ನುವವರು ಕಡಿಮೆ. ಒಮ್ಮೆ ಮಗು ಹುಟ್ಟಿದರೆ ಅದು ಹೆಣ್ಣಾಗಲಿ, ರೋಗವಿರಲಿ, ಅವಳಿಯಾಗಲಿ ದಂಪತಿ ಕೈಬಿಡುವಂತಿಲ್ಲ ಎಂಬುದೂ ದೊಡ್ಡ ರಕ್ಷಣೆ. ಆದರೆ ಕಾನೂನು ಹೊರುವವಳಿಂದ ಕೇಳುವುದು ತ್ಯಾಗವನ್ನು. ಅವಳಿಗೆ ವೈದ್ಯಕೀಯ ಖರ್ಚು ಮತ್ತು ವಿಮೆಯಂಥವು ಬಿಟ್ಟರೆ ಪ್ರತಿಫಲವಿಲ್ಲ. ಡಾಕ್ಟರಿಗೆ ಶುಲ್ಕವುಂಟು, ಪ್ರಯೋಗಾಲಯಕ್ಕೆ ಬಿಲ್ಲುಂಟು, ವಕೀಲರಿಗೆ ಫೀಸುಂಟು. ಇಡೀ ವ್ಯವಸ್ಥೆಯಲ್ಲಿ ಬಿಟ್ಟಿ ದುಡಿಯುವವಳು ಒಬ್ಬಳೇ, ಅವಳೇ ಅತಿ ಹೆಚ್ಚು ಅಪಾಯ ಹೊತ್ತವಳು. ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2017ರ ಆಗಸ್ಟಿನಲ್ಲಿ ಕೊಟ್ಟ 102ನೇ ವರದಿಯಲ್ಲಿ ಇದನ್ನೇ ಎತ್ತಿ, ನ್ಯಾಯವಾದ ಪರಿಹಾರ ಕೊಡುವ ಪದ್ಧತಿಯೇ ಸರಿ ಎಂದಿತ್ತು. ಸರಕಾರ ಒಪ್ಪಲಿಲ್ಲ.

ಹಣ ಬೇಡವೆಂದರೆ ಯಾರು ಬರುತ್ತಾರೆ? ಮನೆಯವರು. ಹತ್ತಿರದ ಬಂಧುವೇ ಆಗಿರಬೇಕೆಂಬ ಮಾತು ಕೊನೆಯ ಕಾನೂನಿನಲ್ಲಿ ಇಲ್ಲ, 'ಒಪ್ಪುವ ಹೆಂಗಸು' ಎಂದಿದೆ. ಆದರೆ ನಮ್ಮ ಊರಿನಲ್ಲಿ ಬಿಟ್ಟಿಯಾಗಿ ಒಪ್ಪುವ ಹೆಂಗಸು ಎಂದರೆ ತಂಗಿ, ನಾದಿನಿ, ತಮ್ಮನ ಹೆಂಡತಿ. ಗಂಡ ಕಳಿಸುವ ಹಣದಲ್ಲಿ ಇಡೀ ಕುಟುಂಬವನ್ನು ಸಾಕುವ ಅತ್ತಿಗೆಗೆ ಮಗುವಿಲ್ಲದಿರುವಾಗ, ಅದೇ ಮನೆಯ ಬಡ ನಾದಿನಿ 'ನನ್ನಿಂದಾಗದು' ಎನ್ನಬಲ್ಲಳೇ? ಕಾನೂನಿಗೂ ಈ ಭಯ ಗೊತ್ತು. ಅಕ್ರಮವಾಗಿ ಗರ್ಭ ಹೊರಿಸಿದ ಪ್ರಕರಣಗಳಲ್ಲಿ, ಬೇರೆ ಸಾಕ್ಷ್ಯವಿಲ್ಲದಿದ್ದರೆ ಗಂಡನೋ ದಂಪತಿಯೋ ಬಂಧುಗಳೋ ಅವಳನ್ನು ಬಲವಂತಪಡಿಸಿದ್ದಾರೆಂದೇ ನ್ಯಾಯಾಲಯ ಭಾವಿಸಬೇಕು ಎಂದು ಅದೇ ಬರೆಯುತ್ತದೆ. ಸಕ್ರಮ ಪ್ರಕರಣಗಳಲ್ಲಿ ಆ ಬಲವಂತ ಮಾಯವಾಗುತ್ತದೆಯೇ?

2023ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣ ಎದೆ ಕಲಕುವಂಥದ್ದು. 23 ವರ್ಷದ ಒಬ್ಬನೇ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ದಂಪತಿ ಮತ್ತೆ ಮಗು ಬೇಕೆಂದರು. ಹೆಂಡತಿಗೆ ಗರ್ಭಕೋಶವಿರಲಿಲ್ಲ, ಗಂಡನ ವಯಸ್ಸು ಮಿತಿ ದಾಟಿ 57 ಆಗಿತ್ತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಮೂರು ಪರೀಕ್ಷೆ ಸೂಚಿಸಿದರು. ವಂಶವಾಹಿಯಿಂದ ಮಗುವಿಗೆ ರೋಗ ಬಾರದೇ, ಮಗುವನ್ನು ಎತ್ತಿ ಸಾಕಲು ದೇಹಬಲವಿದೆಯೇ, ಆರ್ಥಿಕ ಬಲವಿದೆಯೇ ಎಂದು ನೋಡಿ ಅರ್ಜಿಯನ್ನು ಪರಿಗಣಿಸಿ ಎಂದರು. ಮಾನವೀಯವಾದ ತೀರ್ಪು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಮೂರೂ ಪರೀಕ್ಷೆಗಳು ಪಡೆಯುವವರಿಗೆ. ಕೊಡುವವಳ ಪಾಲಿಗೆ ನಾಲ್ಕನೆಯ ಪರೀಕ್ಷೆ ಯಾವುದು? ಅವಳ ಸ್ವಂತ ಮಗು ಏನೆಂದುಕೊಳ್ಳುತ್ತದೆ, ಎದೆಯಲ್ಲಿ ಹಾಲು ಉಕ್ಕುವ ದಿನಗಳಲ್ಲಿ ಅವಳ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳುವ ಪರೀಕ್ಷೆ?

ಹೆತ್ತ ಮೇಲೂ ಹೀಗೆಯೇ. ಮಗು ಪಡೆದವಳಿಗೆ 2017ರ ತಿದ್ದುಪಡಿಯಿಂದ ಹನ್ನೆರಡು ವಾರಗಳ ಹೆರಿಗೆ ರಜೆ ಸಿಕ್ಕಿತು. ಹೊತ್ತವಳಿಗೂ ಪಡೆದವಳಿಗೂ ತಲಾ 180 ದಿನ ಎಂದು ಕೇಂದ್ರ ಸರಕಾರ 2024ರ ಜೂನಿನಲ್ಲಿ ನಿಯಮ ಮಾಡಿತು, ತನ್ನ ನೌಕರರಿಗೆ ಮಾತ್ರ. ಮನೆಯಲ್ಲಿ ಬೀಡಿ ಕಟ್ಟುವವಳು, ಮೀನು ಮಾರುವವಳು ಕೇಂದ್ರ ಸರಕಾರದ ನೌಕರಳಲ್ಲ.

ಇನ್ನು ಅವಳ ಹೆಸರು. ಅದು ಎಲ್ಲಿಯೂ ಇಲ್ಲವೆಂದಲ್ಲ. ಚಿಕಿತ್ಸಾಲಯ ಒಪ್ಪಿಗೆ ಪತ್ರ, ಒಪ್ಪಂದ, ವರದಿಗಳನ್ನೆಲ್ಲ 25 ವರ್ಷ ಕಾಪಾಡಬೇಕೆಂದು ಕಾನೂನು ಹೇಳುತ್ತದೆ. ಹೆಸರು ಕಡತದಲ್ಲಿದೆ, ಕುಟುಂಬದಲ್ಲಿಲ್ಲ.

ಸಿನಿಮಾಗಳು ಇದನ್ನು ಸರಿಪಡಿಸಬಹುದಿತ್ತು. ನಮ್ಮ ಕರಾವಳಿಯಲ್ಲಿ ಮಲಯಾಳ ಚಿತ್ರಗಳನ್ನು ನೋಡುವವರು 1989ರ 'ದಶರಥಂ' ಮರೆತಿರಲಾರರು. ಲೋಹಿತದಾಸ್ ಬರೆದು ಸಿಬಿ ಮಲಯಿಲ್ ನಿರ್ದೇಶಿಸಿದ ಅದರಲ್ಲಿ ಮೋಹನ್‌ಲಾಲ್ ಮಾಡಿದ ಪಾತ್ರ ತಾಯಿಪ್ರೀತಿ ಕಾಣದ ಸಿರಿವಂತ. ಗಂಡನ ಶಸ್ತ್ರಚಿಕಿತ್ಸೆಗೆ ಹಣ ಬೇಕಾದ ಆನಿ ಅವನ ಮಗುವನ್ನು ಹೊರುತ್ತಾಳೆ, ಹೆತ್ತ ಮೇಲೆ ಕೊಡಲಾರದೆ ಒದ್ದಾಡುತ್ತಾಳೆ. 2021ರ ಹಿಂದಿ ಚಿತ್ರ 'ಮಿಮಿ', ಅದಕ್ಕೆ ಮೂಲವಾದ 2011ರ ಮರಾಠಿ ಚಿತ್ರ, ಇವುಗಳಲ್ಲಿ ಬಯಸಿದವರೇ ಬೇಡವೆಂದು ಹೋದ ಮಗುವನ್ನು ಹೊತ್ತವಳು ಸಾಕುತ್ತಾಳೆ. ಮೂರೂ ನೋಡಬೇಕಾದ ಚಿತ್ರಗಳೇ. ಆದರೆ ಮೂರರಲ್ಲಿಯೂ ಹೊತ್ತವಳು ದೊಡ್ಡವಳಾಗುವುದು ಮಗುವನ್ನು ತನ್ನದೆಂದು ಅಪ್ಪಿಕೊಂಡಾಗ. ಕೊಟ್ಟು, ಬೆನ್ನು ತಿರುಗಿಸಿ, ಮತ್ತೆ ಮಾರನೆಯ ಸೋಮವಾರ ಕೆಲಸಕ್ಕೆ ಹೋಗುವ ಹೆಂಗಸಿಗೆ ಚಿತ್ರವಿಲ್ಲ. ಅಮ್ಮನಾದರೆ ದೇವತೆ, ಇಲ್ಲದಿದ್ದರೆ ಬಾಡಿಗೆಯವಳು. ನಡುವೆ ಒಂದು ಸಂಬಂಧ ಸಾಧ್ಯವೆಂದು ಕಲ್ಪಿಸಿಕೊಳ್ಳಲು ನಮ್ಮ ಕಲೆಗೂ ಆಗಿಲ್ಲ.

ಮುಸ್ಲಿಂ ಮನೆಗಳಲ್ಲಿ ಈ ಚರ್ಚೆಗೆ ಇನ್ನೊಂದು ಪದರವಿದೆ. ಗಂಡ ಹೆಂಡಿರ ನಡುವಿನ ಪ್ರನಾಳ ಶಿಶು ಚಿಕಿತ್ಸೆಯನ್ನು ಈಜಿಪ್ಟಿನ ಮುಫ್ತಿ 1980ರಲ್ಲಿಯೇ ಒಪ್ಪಿದ್ದರು. ಗರ್ಭ ಇನ್ನೊಬ್ಬಳದಾದಾಗ ಮಾತ್ರ ವಿದ್ವಾಂಸರು ತಡೆದರು. ಮಕ್ಕಾದ ಫಿಕ್ಹ್ ಮಂಡಳಿ 1984ರಲ್ಲಿ, ಒಬ್ಬನ ಇಬ್ಬರು ಪತ್ನಿಯರಲ್ಲಿ ಒಬ್ಬಳು ಇನ್ನೊಬ್ಬಳ ಭ್ರೂಣ ಹೊರಬಹುದೆಂದಿತು, ಮರುವರ್ಷವೇ ಅದನ್ನು ಹಿಂದೆಗೆದುಕೊಂಡಿತು. ಸುನ್ನಿ ವಿದ್ವಾಂಸರ ಬಹುಮತ ಇಂದಿಗೂ ಬೇಡವೆಂಬ ಕಡೆಗೇ ಇದೆ. ಇರಾನಿನ ಶಿಯಾ ವಿದ್ವಾಂಸರಲ್ಲಿ ಹಲವರು ಒಪ್ಪಿ, ಅಲ್ಲಿ ಅದು ನಡೆಯುತ್ತಿದೆ. ಹೆತ್ತವಳೇ ತಾಯಿ ಎಂಬ ಕುರ್‌ಆನಿನ ಮಾತು ಈ ತಡೆಯ ಬುಡದಲ್ಲಿದೆ. ಇದು ಬರಿಯ ನಿಷೇಧ ಎಂದು ತಿಳಿದವರು ಇದರೊಳಗಿನ ಕಾಳಜಿಯನ್ನು ಕಾಣಬೇಕು: ಹೆತ್ತವಳನ್ನು ಲೆಕ್ಕದಿಂದ ಬಿಡುವಂತಿಲ್ಲ ಎಂಬುದೇ ಅದು. ನಮ್ಮಲ್ಲಿ ಬೇರೆ ದಾರಿಗಳೂ ಉಂಟು. ಅನಾಥ ಮಗುವನ್ನು ಅದರ ತಂದೆಯ ಹೆಸರು ಅಳಿಸದೆ ಸಾಕುವ ಕಫಾಲಾ ಇದೆ. ಬಯಸಿದರೆ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯುವುದು ಯಾವ ಧರ್ಮದವರಿಗೂ ಸಾಧ್ಯ ಎಂದು ಸುಪ್ರೀಂ ಕೋರ್ಟ್ 2014ರ ಫೆಬ್ರವರಿಯಲ್ಲಿ ಹೇಳಿದೆ.

ನಾನು ಫತ್ವಾ ಕೊಡುವವನಲ್ಲ. ಆದರೆ ಇದೇ ಪರಂಪರೆಯಲ್ಲಿರುವ ಹಾಲುತಾಯಿಯನ್ನು ನೆನಪಿಸಬೇಕು. ಹಾಲೂಡಿಸುವವಳಿಗೆ ಕೂಲಿ ಕೊಡಬಹುದು, ಕೊಡಬೇಕು ಎಂದು ಕುರ್‌ಆನೇ ಹೇಳುತ್ತದೆ. ಕೂಲಿ ಪಡೆದ ಮಾತ್ರಕ್ಕೆ ಅವಳು ಬಾಡಿಗೆಯವಳಾಗಲಿಲ್ಲ. ಆ ಹಾಲಿನಿಂದ ಸಂಬಂಧ ಹುಟ್ಟಿತು. ಅವಳ ಮಕ್ಕಳು ಒಡಹುಟ್ಟಿದವರಾದರು, ಅವರೊಳಗೆ ಮದುವೆ ನಿಷಿದ್ಧವಾಯಿತು. ಹಲೀಮಾ ಅವರ ಮಗಳು ಶೈಮಾ ಹುನೈನ್ ಯುದ್ಧದ ಸೆರೆಯಾಳುಗಳ ನಡುವೆ ಬಂದಾಗ, ಪ್ರವಾದಿಯವರು ಗುರುತಿಸಿ ತಮ್ಮ ಮೇಲುವಸ್ತ್ರ ಹಾಸಿ ಕೂರಿಸಿದ ಪ್ರಸಂಗ ಅವರ ಚರಿತ್ರೆಗಳಲ್ಲಿ ಪ್ರಸಿದ್ಧ. ಎರಡು ವರ್ಷ ಹಾಲು ಕೊಟ್ಟವಳ ಮಗಳಿಗೆ ಅಷ್ಟು ಮರ್ಯಾದೆ. ಒಂಬತ್ತು ತಿಂಗಳು ರಕ್ತ ಕೊಟ್ಟವಳಿಗೆ ನಮ್ಮ ಆಧುನಿಕ ಕಾನೂನಿನಲ್ಲಿ ಇರುವುದು ಒಂದು ವಿಮೆ ಪಾಲಿಸಿ.

ಕೂಲಿ ಮತ್ತು ಸಂಬಂಧ ಒಂದಕ್ಕೊಂದು ಶತ್ರುವಲ್ಲ ಎಂಬುದೇ ಇಲ್ಲಿಯ ಪಾಠ. ಆಣಂದಿನ ವ್ಯವಹಾರ ಕೂಲಿ ಕೊಟ್ಟು ಸಂಬಂಧ ಕಡಿದುಹಾಕಿತು. 2021ರ ಕಾನೂನು ಕೂಲಿಯನ್ನೂ ತೆಗೆಯಿತು, ಸಂಬಂಧವನ್ನು ಮರಳಿ ಕೊಡಲಿಲ್ಲ. ಮಕ್ಕಳಿಲ್ಲದವರ ಸಂಕಟ ಸುಳ್ಳಲ್ಲ. ಅವರಿಗೆ ದಾರಿ ಇರಲಿ. ಆದರೆ ಆ ದಾರಿ ಇನ್ನೊಬ್ಬಳ ಮೈಮೇಲಿಂದ ಹಾದು ಹೋಗುವಾಗ, ಅವಳ ದಿನಗಳಿಗೆ ನ್ಯಾಯವಾದ ಬೆಲೆ ಇರಲಿ, ಹೆರಿಗೆಯ ನಂತರದ ಅವಳ ಆರೋಗ್ಯಕ್ಕೆ ಹೊಣೆಗಾರರಿರಲಿ, ಬೆಳೆದ ಮಗು ಕೇಳಿದರೆ ಕಡತ ತೆರೆಯಲಿ. ಇವೆಲ್ಲ ಕಾನೂನು ಮಾಡುವವರ ಕೆಲಸ.

ನಮ್ಮ ಕೈಯಲ್ಲಿರುವ ಕೆಲಸವೂ ಒಂದುಂಟು. ಸಾಕುತಾಯಿ, ಹಾಲುತಾಯಿ ಎಂಬ ಮಾತುಗಳನ್ನು ನಮ್ಮ ಭಾಷೆ ಯಾರ ಕಾನೂನಿಗೂ ಕಾಯದೆ ಮಾಡಿಕೊಂಡಿತು. ಅವುಗಳ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿದೆ: ಹೊತ್ತ ತಾಯಿ. ಮಣಿಪಾಲದಿಂದ ಮಗುವನ್ನೆತ್ತಿಕೊಂಡು ಕಾಪುವಿಗೋ ಕಾರ್ಕಳಕ್ಕೋ ಮರಳುವ ದಂಪತಿ, ಹೆಸರಿಡುವ ದಿನ ಅವಳನ್ನೂ ಕರೆದು, ಬಂದವರಿಗೆ ಹಾಗೆಂದು ಪರಿಚಯಿಸುವಷ್ಟು ಧೈರ್ಯ ಮಾಡಿದರೆ, ಬಾಡಿಗೆ ಎಂಬ ಪದ ತಾನಾಗಿಯೇ ಮನೆಗೂ ರಿಕ್ಷಾಕ್ಕೂ ಮರಳುತ್ತದೆ.